ಪಾಕ ವಿಚಾರ

ಲೋಕದಲ್ಲಿ ಮಾರ್ಪಡದ ವಸ್ತುವಿಲ್ಲ. ಆದರೆ ಮಾರ್ಪಾಡುಗಳೆಲ್ಲವೂ ಒಂದೇ ಜಾತಿಯವಲ್ಲ. ಬೆಲ್ಲವನ್ನು ನೀರಿನಲ್ಲಿ ಕದಡಿದರೆ ಪಾನಕವಾಗುವುದು. ಆ ನೀರನ್ನು ಇಂಗಿಸಿದರೆ ಬೆಲ್ಲವು ಮರಳಿ ಕೈಸೇರುವುದು. ಅದೇ ಬೆಲ್ಲವನ್ನು ಬಾಣಲೆಯಲ್ಲಿ ಸೀಯಿಸಿದರೆ ಕರಿಯ ಕಹಿಯೊಂದು ಉಳಿಯುವುದೇ ಹೊರತು ಬೆಲ್ಲವು ಮತ್ತೆ ಬಾರದು. ಮೊದಲನೆಯದನ್ನು ಭೌತವಿಕಾರವೆಂದೂ ಎರಡನೆಯದನ್ನು ರಾಸಾಯನಿಕ ವಿಕಾರವೆಂದೂ ಪಾಠಪುಸ್ತಕಗಳು ಹೇಳುತ್ತವೆ. ಮನುಷ್ಯರ ನಡತೆಯಲ್ಲಿಯೂ, ಮನೆಮನೆಯ ಸಂಬಂಧಗಳಲ್ಲಿಯೂ ಇಂತಹ ವಿಕಾರಗಳುಂಟು. ಕೆಟ್ಟುದು ಮರಳಿ ಮೊದಲಿನಂತಾದೀತೆ? ಆಗದೆಂದಾದರೆ ಪ್ರಾಯಶ್ಚಿತ್ತವೆಂಬ ಮಾತಿಗೆ ಅರ್ಥವೇನು? ಈ ಪ್ರಶ್ನೆಯನ್ನು ದ್ರವ್ಯಗಳ ದೃಷ್ಟಾಂತದಿಂದಲೇ ವಿಚಾರಮಾಡಬಹುದೆಂದು ತೋರುತ್ತದೆ.

ಮೊದಲು ಸುಲಭವಾದ ಪಕ್ಷವನ್ನು ನೋಡೋಣ. ಮಂಜುಗಡ್ಡೆಯು ನೀರಾಗುವುದು, ನೀರು ಮರಳಿ ಮಂಜುಗಡ್ಡೆಯಾಗುವುದು. ಇದರಲ್ಲಿಯೂ ಒಂದು ಲೆಕ್ಕವಿದೆ. ಸೊನ್ನೆ ಅಂಶದ ಒಂದು ಗ್ರಾಂ ಮಂಜುಗಡ್ಡೆಯು ಸೊನ್ನೆ ಅಂಶದ ನೀರಾಗಬೇಕಾದರೆ ಸುಮಾರು 80 ಕೆಲೊರಿಗಳಷ್ಟು ಶಾಖವನ್ನು ಹೀರುತ್ತದೆ; ಆದರೆ ಉಷ್ಣಮಾಪಕದ ಪಾದರಸವು ಎಳ್ಳಷ್ಟೂ ಏರುವುದಿಲ್ಲ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವಿದ್ವಾಂಸನು ಈ ಗುಪ್ತೋಷ್ಣವನ್ನು ವಿವರಿಸಿದನು. ಅದೇ ನೀರು ಮತ್ತೆ ಗಡ್ಡೆಕಟ್ಟುವಾಗ ಹೀರಿದ್ದ 80ನ್ನೂ ಹೊರಗೆ ಬಿಟ್ಟುಕೊಡಬೇಕು. ಸಂಸಾರದಲ್ಲಿ ದಿನವೂ ಹುಟ್ಟಿ ಅಡಗುವ ಮುನಿಸುಗಳು ಈ ಜಾತಿಯವು. ಅವು ಮರಳತಕ್ಕವು, ಆದರೆ ಬಿಟ್ಟಿಯಾಗಿ ಮರಳುವುದಿಲ್ಲ. ಒಳಗೆ ಹೀರಿಕೊಂಡುದನ್ನೆಲ್ಲ ಹೊರಗೆ ಬಿಟ್ಟವನಿಗೆ ಮಾತ್ರ ಹಿಂದಿನ ದಶೆಯು ದೊರೆಯುತ್ತದೆ.

ಎರಡನೆಯ ಪಕ್ಷವು ಕಠಿನವಾದುದು. ಕುಂಬಾರನ ಹಸಿ ಗಡಿಗೆಯಲ್ಲಿ ಸೀಳು ಕಂಡರೆ ಅವನು ಚಿಂತಿಸುವುದಿಲ್ಲ. ನೀರಿನಲ್ಲಿ ನೆನೆಯಿಸಿ, ಮಣ್ಣುಮಾಡಿ, ಮರಳಿ ತಿಗರಿಯ ಮೇಲಿಡುತ್ತಾನೆ. ಅದೇ ಗಡಿಗೆಯು ಆವಿಗೆಯಲ್ಲಿ ಬೆಂದ ಮೇಲೆ ವರ್ಷಗಟ್ಟಲೆ ನೀರಿನಲ್ಲಿ ನೆನೆದರೂ ಜೇಡಿಯಾಗದು. ಬೇಯುವಾಗ ನಡೆಯುವುದೇನು ಎಂಬ ವಿಷಯದಲ್ಲಿ ನಮ್ಮ ತಾರ್ಕಿಕರು ದೊಡ್ಡ ವಾದವನ್ನೇ ಹೂಡಿದರು. ಪೀಲುವೆಂದರೆ ಪರಮಾಣು, ಪಿಠರವೆಂದರೆ ಮಡಕೆ. ಬೆಂಕಿ ತಗಲಿದಾಗ ಗಡಿಗೆಯು ಪರಮಾಣುಗಳವರೆಗೂ ಬಿಡಿಬಿಡಿಯಾಗಿ, ಆ ಪರಮಾಣುಗಳು ಕೆಂಪನ್ನು ಪಡೆದು, ಮರಳಿ ಕೂಡಿ ಬೇರೊಂದು ಗಡಿಗೆಯಾಗುವುದೆಂದು ವೈಶೇಷಿಕರು ಹೇಳಿದರು, ಇದು ಪೀಲುಪಾಕವಾದ. ಗಡಿಗೆಯು ಗಡಿಗೆಯಾಗಿಯೇ ನಿಂತಿರುವುದು, ಶಾಖವು ಅದರ ಸೂಕ್ಷ್ಮರಂಧ್ರಗಳಲ್ಲಿ ಹೊಕ್ಕು ಬಣ್ಣವನ್ನು ಮಾರ್ಪಡಿಸುವುದು ಎಂದು ನೈಯಾಯಿಕರು ಹೇಳಿದರು, ಇದು ಪಿಠರಪಾಕವಾದ. ಇಂದಿನ ರಸಾಯನಶಾಸ್ತ್ರವು ಇಬ್ಬರಿಗೂ ಅರ್ಧರ್ಧ ಜಯವನ್ನು ಕೊಡುತ್ತದೆ. ಸುಮಾರು 600 ಅಂಶಗಳ ಶಾಖದಲ್ಲಿ, ಜೇಡಿಯ ಕಣಗಳೊಳಗೆ ಬಂಧಿತವಾಗಿದ್ದ ನೀರಿನ ಅಂಶವು ಹೊರಟುಹೋಗಿ, ಅಣುಗಳ ಜೋಡಣೆಯೇ ಬೇರೆಯಾಗುತ್ತದೆ. ಕಬ್ಬಿಣದ ಅಂಶವು ಗಾಳಿಯ ಆಮ್ಲಜನಕದೊಡನೆ ಕೂಡಿ ಕೆಂಪನ್ನು ಕೊಡುತ್ತದೆ. ಆದರೆ ಗಡಿಗೆಯ ಆಕಾರವು ಒಂದು ಕ್ಷಣವೂ ಕದಲುವುದಿಲ್ಲ. ನೋಡುವವರಿಗೆ ಅದೇ ಗಡಿಗೆ. ಒಳಗೆ ಬೇರೆ ವಸ್ತು. ಮನುಷ್ಯರಲ್ಲಿಯೂ ಹೀಗಾಗುವುದುಂಟು. ಒಂದು ದ್ರೋಹವಾದ ಬಳಿಕ ಅಣ್ಣತಮ್ಮಂದಿರು ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ. ಕುಟುಂಬದ ಆಕಾರವು ಹಾಗೆಯೇ ಇದೆ. ಒಳಗಿನ ಮಣ್ಣು ಮೊದಲಿನದಲ್ಲ.

ಇಲ್ಲಿ ಒಂದು ಶಂಕೆ. ಜಗತ್ತಿನಲ್ಲಿ ಯಾವುದೂ ನಾಶವಾಗುವುದಿಲ್ಲವಷ್ಟೆ; ಹಾಗಿರಲು ಕೆಟ್ಟಿತೆಂದು ದುಃಖಿಸುವುದೇಕೆ? ದ್ರವ್ಯಕ್ಕೆ ನಾಶವಿಲ್ಲವೆಂಬ ಮಾತು ನಿಜವೇ. ಫ್ರಾನ್ಸ್ ದೇಶದ ಲವಾಸಿಯೇ ತಕ್ಕಡಿಯನ್ನು ಹಿಡಿದು ಪ್ರಯೋಗಗಳನ್ನು ನಡೆಯಿಸಿ, ವಿಕಾರದ ಮುಂಚಿನ ತೂಕವೂ ಅನಂತರದ ತೂಕವೂ ಒಂದೇ ಎಂಬುದನ್ನು 1789ರಲ್ಲಿ ತನ್ನ ಗ್ರಂಥದಲ್ಲಿ ಸಾರಿದನು. ಆದರೆ ಈ ಸಮಾಧಾನವು ಎಷ್ಟು ದೂರ ಬರುವುದೆಂಬುದಕ್ಕೆ ಅವನ ಜೀವನವೇ ಸಾಕ್ಷಿ. ತೆರಿಗೆಯ ಗುತ್ತಿಗೆದಾರರಲ್ಲಿ ಒಬ್ಬನಾಗಿದ್ದ ಆತನನ್ನು ಕ್ರಾಂತಿಯ ನ್ಯಾಯಾಸನವು ವಿಚಾರಿಸಿ, 1794ರ ಮೇ 8ರಂದು ಶಿರಚ್ಛೇದ ಮಾಡಿಸಿತು. ಬಹುಕಾಲ ಕಳೆಯುವ ಮುನ್ನವೇ ಆ ದೇಶದ ಸರ್ಕಾರವು ಅವನಿಗಾದುದು ಅನ್ಯಾಯವೆಂದು ಒಪ್ಪಿಕೊಂಡಿತು. ಅವನ ದೇಹದ ಒಂದು ಗುಂಜಿ ತೂಕವೂ ಲೋಕದಿಂದ ಕಳೆದುಹೋಗಿರಲಿಲ್ಲ; ಆದರೆ ಲವಾಸಿಯೇ ಇರಲಿಲ್ಲ. ಪರಮಾಣುಗಳು ನಿತ್ಯವೆಂದೂ ಅವುಗಳಿಂದಾದ ಅವಯವಿಯು ಅನಿತ್ಯವೆಂದೂ ವೈಶೇಷಿಕರು ಬೇರ್ಪಡಿಸಿ ಹೇಳಿದುದರ ಮರ್ಮವು ಇದೇ. ನಾವು ಪ್ರೀತಿಸುವುದು ಅವಯವಿಯನ್ನು, ಪರಮಾಣುಗಳನ್ನಲ್ಲ. ಆದುದರಿಂದ ಏನೂ ನಾಶವಾಗುವುದಿಲ್ಲವೆಂಬ ತತ್ತ್ವವನ್ನು ತಪ್ಪುಮಾಡುವವನು ತನ್ನ ನೆಮ್ಮದಿಗಾಗಿ ಆಶ್ರಯಿಸಬಾರದು. ಆವಿಗೆಗೆ ಬೆಂಕಿಯಿಡುವ ಮುನ್ನವೇ ಗಡಿಗೆಯನ್ನು ತಟ್ಟಿ ನೋಡಬೇಕು.

ಹಾಗಾದರೆ ಬೆಂದುಹೋದವನಿಗೆ ಗತಿಯಿಲ್ಲವೆ? ಇದು ಎರಡನೆಯ ಶಂಕೆ. ಇದಕ್ಕೆ ಸಮಾಧಾನವು ನಮ್ಮ ಮನೆಯ ಗೋಡೆಯ ಮೇಲೆಯೇ ಇದೆ. ರಾಸಾಯನಿಕ ವಿಕಾರಗಳೆಲ್ಲ ಮರಳದವು, ಭೌತವಿಕಾರಗಳೆಲ್ಲ ಮರಳತಕ್ಕವು ಎಂದು ಮಕ್ಕಳು ಬಾಯಿಪಾಠ ಮಾಡುವುದುಂಟು, ಅದು ಸರಿಯಲ್ಲ. ಒಡೆದ ಗಡಿಗೆಯ ವಿಕಾರವು ಭೌತವೇ. ಆದರೂ ಅದು ಕೂಡದು. ಸುಣ್ಣದ ವಿಕಾರವು ರಾಸಾಯನಿಕವೇ. ಆದರೂ ಅದು ಮರಳುತ್ತದೆ. ಶುದ್ಧವಾದ ಸುಣ್ಣದ ಕಲ್ಲನ್ನು 100 ಪಾಲು ತೂಗಿ ಭಟ್ಟಿಯಲ್ಲಿ ಸುಮಾರು 900 ಅಂಶಗಳ ಶಾಖದಲ್ಲಿ ಸುಟ್ಟರೆ, 44 ಪಾಲು ಇಂಗಾಲಾಮ್ಲವಾಯುವಾಗಿ ಹಾರಿಹೋಗಿ 56 ಪಾಲು ಸುಟ್ಟ ಸುಣ್ಣವು ಉಳಿಯುತ್ತದೆ. ಅದು ಮುಟ್ಟಿದವರ ಕೈಯನ್ನು ಸುಡುತ್ತದೆ. ನೀರು ಹೊಯ್ದರೆ ಕೊತಕೊತನೆ ಕುದಿದು, 18 ಪಾಲು ನೀರನ್ನು ಕುಡಿದು, 74 ಪಾಲು ಅರಳಿದ ಸುಣ್ಣವಾಗುತ್ತದೆ. ಅದನ್ನು ಗೋಡೆಗೆ ಬಳಿದರೆ, ಬಿಟ್ಟುಹೋಗಿದ್ದ 44 ಪಾಲನ್ನು ಮೆಲ್ಲಮೆಲ್ಲನೆ ಗಾಳಿಯಿಂದಲೇ ಮರಳಿ ಪಡೆದು, ಕುಡಿದ 18ನ್ನು ಬಿಟ್ಟುಕೊಟ್ಟು, ಮತ್ತೆ 100 ಪಾಲಿನ ಸುಣ್ಣದ ಕಲ್ಲೇ ಆಗುತ್ತದೆ. ದಪ್ಪ ಗೋಡೆಯ ಒಳಗಿನ ಗಾರೆಯು ಹೀಗೆ ಕಲ್ಲಾಗಲು ವರ್ಷಗಳೇ ಹಿಡಿಯುತ್ತವೆ.

ಈ ದೃಷ್ಟಾಂತದಲ್ಲಿ ವಾಚಕರು ಮೂರು ಸಂಗತಿಗಳನ್ನು ಗಮನಿಸಬೇಕು. ಕಲ್ಲು ತಾನು ಬಂದ ದಾರಿಯಲ್ಲಿ ಹಿಂದಕ್ಕೆ ಹೋಗಲಿಲ್ಲ; ಬೆಂಕಿಯನ್ನೂ ನೀರನ್ನೂ ದಾಟಿ ಮುಂದಕ್ಕೆ ನಡೆದು ಕಲ್ಲಾಯಿತು. ನಡುವಿನ ದಶೆಯಲ್ಲಿ ಅದು ಸುಡುತ್ತದೆ. ಪಶ್ಚಾತ್ತಾಪದಲ್ಲಿರುವವನೂ ಕೆಲಕಾಲ ಹತ್ತಿರ ಬಂದವರನ್ನು ಸುಡುವುದು ಸಹಜ. ಕೊನೆಯದಾಗಿ, ಕಳೆದುಕೊಂಡುದನ್ನು ಅದು ಒಬ್ಬಂಟಿಯಾಗಿ ಸಂಪಾದಿಸಲಾರದು. ಸುತ್ತಣ ಗಾಳಿಯು ಕೊಟ್ಟರೆ ಮಾತ್ರ ಪಡೆಯುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಗಾಳಿ ತಾಗದಂತೆ ಇಟ್ಟ ಸುಣ್ಣವು ಎಷ್ಟು ಕಾಲವಾದರೂ ಸುಣ್ಣವಾಗಿಯೇ ಉಳಿಯುವುದು. ತಪ್ಪಿದವನನ್ನು ಮನೆಯಿಂದಲೂ ಮಾತಿನಿಂದಲೂ ದೂರವಿಟ್ಟು, ಅವನು ತಿದ್ದಿಕೊಳ್ಳಲಿಲ್ಲವೆಂದು ದೂರುವವರು ಈ ಮಾತನ್ನು ಆಲೋಚಿಸತಕ್ಕದ್ದು.

ಆದುದರಿಂದ ಪ್ರಾಯಶ್ಚಿತ್ತವೆಂದರೆ ಕೃತವನ್ನು ಅಕೃತವಾಗಿ ಮಾಡುವುದಲ್ಲ. ಅದು ಯಾರಿಂದಲೂ ಆಗದು. ಮೊಸರನ್ನು ಹಾಲಾಗು ಎಂದು ಬೇಡುವುದು ವ್ಯರ್ಥ. ಕಡೆದರೆ ಬೆಣ್ಣೆ ಬರುವುದು, ಕಾಯಿಸಿದರೆ ತುಪ್ಪವಾಗುವುದು. ಮರಳಿ ಬಂದ ಮಗನಿಂದಲೂ, ಮುರಿದು ಕೂಡಿದ ನೆಂಟರಿಂದಲೂ ನಾವು "ಮೊದಲಿನಂತೆ ಇರು" ಎಂದು ಕೇಳುತ್ತೇವೆ. ಅವರು ಇರಲಾರದೆ ಹೋದಾಗ ಅದನ್ನೇ ಎರಡನೆಯ ಅಪರಾಧವೆಂದು ಎಣಿಸುತ್ತೇವೆ. ಕೇಳಬೇಕಾದುದು ಅದಲ್ಲ, ಇನ್ನು ಮುಂದೆ ಏನಾಗಬಲ್ಲೆ ಎಂದು ಕೇಳಬೇಕು. ಸುಟ್ಟ ಕಲ್ಲು ಮರಳಿ ಕಲ್ಲಾದಾಗ ಬೆಟ್ಟಕ್ಕೆ ಹಿಂದಿರುಗುವುದಿಲ್ಲ. ಮನೆಯ ಗೋಡೆಯಾಗಿ ನಿಲ್ಲುತ್ತದೆ.