ಸಿಕ್ಕಿದ ನಾಣ್ಯ ಯಾರದು?

ನಾನು ಏಳನೇ ಕ್ಲಾಸು ಓದಿದವನು. ಹೊಲ ಉಳೋದು, ರಾತ್ರಿ ಹೊತ್ತು ತಂಬೂರಿ ಹಿಡಿದು ಪದ ಹೇಳೋದು, ಇಷ್ಟೇ ಗೊತ್ತು. ಆದರೂ ಒಂದು ಮಾತು ಬಹಳ ದಿನದಿಂದ ಎದೆಯಾಗೆ ಕುಂತಿದೆ. ಅದನ್ನ ಇಲ್ಲಿ ಇಳಿಸಿಬಿಡುತ್ತೇನೆ.

40 ವರ್ಷದ ಹಿಂದೆ, ಕಲ್ಯಾಣದುರ್ಗದ ಕಡೆ ಇರೋ ನಮ್ಮ ಹೊಲದಾಗೆ ಕಡಲೆಕಾಯಿ ಬಿತ್ತೋಕೆ ಅಂತ ನಮ್ಮಪ್ಪ ಉಳುತ್ತಿದ್ದ. ಸಾಲಿನಾಗೆ ಏನೋ ಮಿಣಕ್ ಅಂತು. ಎತ್ತಿ ನೋಡಿದರೆ ಚಿನ್ನದ ಬಿಲ್ಲೆ, ಹುಣಸೆ ಬೀಜಕ್ಕಿಂತ ಚಿಕ್ಕದು. ಹಿಂದೂಪುರಕ್ಕೆ ಹುಣಸೆಹಣ್ಣು ಹಾಕೋಕೆ ಹೋದಾಗ ಒಬ್ಬ ಅಕ್ಕಸಾಲಿಗೆ ತೋರಿಸಿದ. ಅವರು ತೂಗಿ ನೋಡಿ, "ಅರ್ಧ ಗ್ರಾಮೂ ಇಲ್ಲಪ್ಪ. ಇದು ವಿಜಯನಗರದವರ ಹಣ. ಕರಗಿಸಿದರೆ ಒಂದು ಮೂಗುಬೊಟ್ಟು ಆದೀತು" ಅಂದರು. ಅಪ್ಪ ಕರಗಿಸಲಿಲ್ಲ. ದೇವರ ಪೆಟ್ಟಿಗೆಯಾಗೆ ಇಟ್ಟು, "ಯಾರಿಗೂ ಹೇಳಬ್ಯಾಡ ಕಣೋ" ಅಂದ. ನಾನೂ ಹೇಳಲಿಲ್ಲ.

ನಾವೀಗ ದುಡ್ಡಿಗೆಲ್ಲ ಹಣ ಅಂತೀವಿ. ಆ ಕಾಲಕ್ಕೆ ಹಣ ಅಂದರೆ ಇದೇ ಪುಟ್ಟ ಚಿನ್ನದ ನಾಣ್ಯ. ಹತ್ತು ಹಣಕ್ಕೆ ಒಂದು ವರಹ. 1565ರ ಯುದ್ಧದಾಗೆ ಸೋತು ಹಂಪೆ ಹಾಳಾದ ಮೇಲೆ ತಿರುಮಲರಾಯ ನಮ್ಮ ಪೆನುಕೊಂಡಕ್ಕೇ ಬಂದು ನಿಂತ. ಹಾಗಾಗಿ ಈ ಸೀಮೆ ಮಣ್ಣಿನಾಗೆ ಅಂಥದ್ದು ಸಿಕ್ಕಿದರೆ ಆಶ್ಚರ್ಯವಲ್ಲ.

ಮೊನ್ನೆ ನಮ್ಮ ಮೊಮ್ಮಗ ಫೋನು ತಂದು, "ತಾತ, ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡ್ತಾರಂತೆ" ಅಂದ. ಪಕ್ಕದ ಮನೆಯವರು ಹಿಂಗೇ ನಂಬಿ, ಮೊದಲು ಫೀಸು ಕಟ್ಟಿ ಅಂದದ್ದಕ್ಕೆ ಕಟ್ಟಿ ಕೈ ಸುಟ್ಟುಕೊಂಡಿದ್ದರು. ಇಂಥವರನ್ನ ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಾಗೆ ಎಚ್ಚರಿಕೆ ಕೊಟ್ಟಿತ್ತು. ಆದರೂ ಆಸೆ ನೋಡಿ, ಆ ರಾತ್ರಿ ನಾನು ಎದ್ದು ಪೆಟ್ಟಿಗೆ ತೆಗೆದು ನೋಡಿದೆ.

ಬೆಳಗಾದ ಮೇಲೆ ಮೇಷ್ಟ್ರನ್ನ ಕೇಳಿದೆ. ಅವರು ಅಮೆರಿಕದ ಒಂದು ಕಥೆ ಹೇಳಿದರು. 1933ರಾಗೆ ಅಲ್ಲಿ 20 ಡಾಲರಿನ ಚಿನ್ನದ ನಾಣ್ಯ 4,45,500 ಹೊಡೆದರಂತೆ. ಒಂದೊಂದೂ ಮೂರು ತೊಲಕ್ಕೆ ಸ್ವಲ್ಪ ಕಮ್ಮಿ. ಅಷ್ಟರಾಗೆ ಜನರ ಕೈಯಾಗೆ ಚಿನ್ನದ ನಾಣ್ಯ ಇರಕೂಡದು ಅಂತ ಸರಕಾರದ ಹುಕುಂ ಆಯಿತು. ಹೊಡೆದದ್ದನ್ನೆಲ್ಲ ಕರಗಿಸಿದರು. ಎರಡನ್ನ ಮ್ಯೂಸಿಯಮ್ಮಿಗೆ ಇಟ್ಟರು. ಕೆಲವು ಟಂಕಸಾಲೆಯಿಂದ ಕಳುವಾಗಿ ಆಚೆ ಹೋದವು. ಅದರಾಗೆ ಒಂದು ಈಜಿಪ್ಟಿನ ದೊರೆ ಫಾರೂಕನ ಕೈ ಸೇರಿತ್ತು. ಆಮೇಲೆ ಕೋರ್ಟು ವ್ಯಾಜ್ಯ ಆಗಿ, ಅದೊಂದನ್ನ ಮಾತ್ರ ಯಾರಾದರೂ ಇಟ್ಟುಕೊಳ್ಳಬಹುದು ಅಂತ ಸರಕಾರ ಒಪ್ಪಿತು. 2021ರಾಗೆ ಅದು ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಹರಾಜಾಯಿತು. ನಮ್ಮ ಲೆಕ್ಕಕ್ಕೆ 130 ಕೋಟಿ ರೂಪಾಯಿಗೂ ಮೇಲೆ. ಅಂಥವೇ 10 ನಾಣ್ಯ ಇನ್ನೊಂದು ಮನೆಯವರಿಗೆ ಬ್ಯಾಂಕಿನ ಲಾಕರಿನಾಗೆ ಸಿಕ್ಕಿದವು. ಅಸಲಿಯೋ ನಕಲಿಯೋ ನೋಡಿ ಅಂತ ಟಂಕಸಾಲೆಗೆ ಕೊಟ್ಟರೆ, "ಇವು ನಮ್ಮಿಂದ ಕಳುವಾದವು" ಅಂತ ಸರಕಾರ ವಾಪಸ್ಸು ಕೊಡಲೇ ಇಲ್ಲ. ಕೋರ್ಟೂ ಸರಕಾರದ ಕಡೆಗೇ ತೀರ್ಪು ಕೊಟ್ಟಿತು.

ಅದೇ ಚಿನ್ನ, ಅದೇ ಅಚ್ಚು. ಒಂದಕ್ಕೆ 130 ಕೋಟಿ, ಇನ್ನೊಂದನ್ನ ನಂದು ಅನ್ನೋಕೂ ಆಗಲ್ಲ. ಬೆಲೆ ಇದ್ದದ್ದು ಚಿನ್ನದಾಗಲ್ಲ, ಅದು ಬಂದ ದಾರಿಯಾಗೆ.

ನಮ್ಮಲ್ಲೂ ಕಾಯಿದೆ ಇದೆ, 1878ರದ್ದು. ಮಣ್ಣಿನಾಗೆ ಸಿಕ್ಕ ನಿಕ್ಷೇಪದ ಬೆಲೆ 10 ರೂಪಾಯಿ ಮೀರಿದರೆ ಕಲೆಕ್ಟರಿಗೆ ಬರೆದು ತಿಳಿಸಬೇಕು. ಸರಕಾರ ಇಟ್ಟುಕೊಂಡರೆ ಲೋಹದ ಬೆಲೆ, ಅದರ ಮೇಲೆ ಐದರಲ್ಲೊಂದು ಪಾಲು ಕೊಡಬೇಕು. ಯಾರೂ ಹಕ್ಕುದಾರರಿಲ್ಲ, ಸರಕಾರಕ್ಕೂ ಬೇಡ ಅಂದರೆ, ಸಿಕ್ಕವನಿಗೂ ಹೊಲದವನಿಗೂ ಸೇರುತ್ತೆ. ನಮ್ಮಪ್ಪ ಎರಡೂ ಆಗಿದ್ದ. ಆವತ್ತೇ ಹೇಳಿದ್ದರೆ ನ್ಯಾಯವಾಗಿ ನಮ್ಮದೇ ಆಗುತ್ತಿತ್ತೋ ಏನೋ. ತಿಳಿಸದೆ ಇದ್ದವನಿಗೆ ಪಾಲೂ ಇಲ್ಲ, ಮೇಲೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ನಮ್ಮದಾಗಬಹುದಾಗಿದ್ದನ್ನ ಮುಚ್ಚಿಟ್ಟು ನಾವೇ ಕಳಕೊಂಡೆವು.

ನನ್ನ ತಮ್ಮ ಕೇಳುತ್ತಾನೆ, "ಸರಕಾರ ಅದನ್ನ ಬೀರುವಿನಾಗೆ ಇಟ್ಟು ಬೀಗ ಹಾಕುತ್ತೆ. ನಮ್ಮ ಪೆಟ್ಟಿಗೆಯಾಗಾದರೆ ಪೂಜೆಯಾದರೂ ಆಗುತ್ತಲ್ಲಣ್ಣ?" ಅವನ ಮಾತು ತೆಗೆದುಹಾಕೋ ಹಂಗಿಲ್ಲ. ಬಡವನಿಗೆ ಸಿಕ್ಕಿದ್ದನ್ನ ಕೊಡು ಅನ್ನೋದು ಸುಲಭ, ಕೊಡೋದು ಕಷ್ಟ. ಆದರೆ ನಾನು ಪದ ಹೇಳೋನು. ನನಗೆ ಬಂದ ಪದಗಳೂ ಸಿಕ್ಕಿದವೇ, ನಾನು ಕಟ್ಟಿದವಲ್ಲ. ಗುರುಗಳು ಹೇಳಿದ್ದು ಒಂದೇ, ಯಾರ ಬಾಯಿಂದ ಬಂತು ಅಂತ ಹೇಳು, ಇನ್ನೊಬ್ಬರಿಗೆ ಕೊಡು. ಮುಚ್ಚಿಟ್ಟ ಪದ ಹೇಳೋನ ಜೊತೆಗೇ ಮಣ್ಣಾಗುತ್ತೆ. ನಾಣ್ಯಾನೂ ಹಂಗೇ ಅಲ್ಲವಾ? ಯಾವ ಹೊಲ, ಯಾವ ಊರು ಅಂತ ಗೊತ್ತಿದ್ದರೆ ಅದು ನಮ್ಮ ಸೀಮೆ ಕಥೆ ಹೇಳುತ್ತೆ. ಕದ್ದು ಮಾರಿದರೆ ಮೂಗಿ ಆಗುತ್ತೆ.

40 ವರ್ಷ ಪೂಜೆ ಮಾಡಿದೆವು, ಬಂದ ನೆಂಟರಿಗೆ ಒಂದು ದಿನ ತೋರಿಸಲಿಲ್ಲ. ತೋರಿಸಲಾರದ್ದನ್ನ ನಂದು ಅಂತ ಹೆಂಗೆ ಅನ್ನಲಿ?

ಕಲೆಕ್ಟರಿಗೆ ಅರ್ಜಿ ಬರೆದುಕೊಡಿ ಅಂತ ಮೇಷ್ಟ್ರನ್ನ ಕೇಳಿದ್ದೇನೆ. ಅಪ್ಪನ ಹೆಸರೂ ಹೊಲದ ಸರ್ವೆ ನಂಬರೂ ಹಾಕಿಸುತ್ತೇನೆ. ತಮ್ಮ ಇನ್ನೂ ಮಾತಾಡಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ವಾಚನಾಲಯದ ಕಟ್ಟೆ ಮೇಲೆ ಸಿಕ್ಕಾಗ ಹೇಳಿ.