ಗಡುವು ಇಟ್ಟವರ ಪಾಲು

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾದಾಗ ಸೇನೆ ಸೇರುವ ವಯಸ್ಸನ್ನು ಹದಿನೇಳೂವರೆಯಿಂದ ಇಪ್ಪತ್ತೊಂದು ಎಂದು ಗೊತ್ತುಮಾಡಿದ್ದರು. ಕೋವಿಡ್‌ನಿಂದಾಗಿ ಎರಡು ವರ್ಷ ಭರ್ತಿಯೇ ನಡೆದಿರಲಿಲ್ಲವಾದ್ದರಿಂದ ಆ ಒಂದು ಸಲಕ್ಕೆ ಮಿತಿಯನ್ನು ಇಪ್ಪತ್ತಮೂರಕ್ಕೆ ಏರಿಸಿದರು. ಬೆಳಗಾವಿ ಮತ್ತು ಖಾನಾಪುರದ ಹಳ್ಳಿಗಳಲ್ಲಿ ಈ ಅಂಕಿಗಳು ಮನೆಮನೆಯ ಲೆಕ್ಕವಾದವು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಬೆಳಗಾವಿಯಲ್ಲೇ ಇದೆ. ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಓಡಿ ಭರ್ತಿಗೆ ಮೈ ಹದ ಮಾಡಿಕೊಳ್ಳುವ ಹುಡುಗರನ್ನು ಈ ಭಾಗ ತಲೆಮಾರುಗಳಿಂದ ಕಂಡಿದೆ. ಭರ್ತಿಯಾದ ಎಂದರೆ ಪಿಂಚಣಿಯ ನೌಕರಿ ಸಿಕ್ಕಿತು, ಮನೆ ಎದ್ದಿತು, ಕನ್ಯಾ ಕೊಡುವವರು ತಾವಾಗಿ ಬಂದರು ಎಂದರ್ಥವಿತ್ತು. ಹೊಸ ಪದ್ಧತಿಯಲ್ಲಿ ಸೇವೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬನನ್ನು. ಉಳಿದ ಮೂವರು ಇಪ್ಪತ್ತೈದರ ಆಸುಪಾಸಿನಲ್ಲಿ ಊರಿಗೆ ಮರಳುತ್ತಾರೆ. ಮನೆಯಲ್ಲಿ ಲಗ್ನದ ಮಾತು ಏಳುವುದೂ ಸರಿಯಾಗಿ ಆಗಲೇ.

ಸರ್ಕಾರ ದಾರಿಯನ್ನು ಬದಲಿಸಿತು. ಊರಿನ ವೇಳಾಪಟ್ಟಿ ಮಾತ್ರ ಹಳೆಯದೇ ಉಳಿಯಿತು. ನಮ್ಮ ಹುಡುಗ ಹುಡುಗಿಯರ ಸಂಕಟ ಇರುವುದು ಈ ಎರಡರ ನಡುವೆ.

ಆ ವೇಳಾಪಟ್ಟಿಯನ್ನು ಯಾರೂ ಬರೆದು ಗೋಡೆಗೆ ತೂಗುಹಾಕಿಲ್ಲ. ಅದು ಪ್ರಶ್ನೆಗಳಲ್ಲಿ ಬದುಕಿದೆ. ಲಗ್ನದ ಪಂಕ್ತಿಯಲ್ಲಿ, ಜಾತ್ರೆಯಲ್ಲಿ, ಮಣ್ಣಿಗೆ ಹೋಗಿ ಬರುವ ದಾರಿಯಲ್ಲಿ ಕೂಡ ಅದು ಕೇಳಿಬರುತ್ತದೆ. "ಏನೋ ತಮ್ಮಾ, ನೌಕರಿ ಹತ್ತೇನು?" ನೌಕರಿ ಹತ್ತಿದ್ದರೆ, "ಮತ್ತ ಲಗ್ನದ ಊಟಾ ಯಾವಾಗ ಹಾಕಸ್ತಿ?" ಹುಡುಗಿಯಾದರೆ, "ತಂಗೀ, ಇನ್ನ ಎಷ್ಟ ಓದ್ತಿ?" ಲಗ್ನವಾಗಿ ವರ್ಷ ಕಳೆದಿದ್ದರೆ, "ಏನರ ಸಿಹಿ ಸುದ್ದಿ ಐತೇನವಾ?" ಕೇಳುವ ಕಾಕಾ, ಮಾಮಾ, ಮೌಶಿಯರನ್ನು ದೂರುವುದು ಸುಲಭ. ಆ ಪ್ರಶ್ನೆಗಳಲ್ಲಿ ಕುತೂಹಲದ ಜೊತೆಗೆ ಅಕ್ಕರೆಯೂ ಇರುತ್ತದೆ, ಅದನ್ನು ಅಲ್ಲಗಳೆಯಲಾರೆ. ನಾನು ಕೇಳಬೇಕೆಂದಿರುವುದು ಬೇರೆಯದು. ಒಬ್ಬರ ಬದುಕಿಗೆ ಗಡುವು ಇಡುವ ಹಕ್ಕು ಯಾರಿಗಿದೆ, ಮತ್ತು ಎಲ್ಲಿಂದ ಬರುತ್ತದೆ?

ಹಳೆಯ ವ್ಯವಸ್ಥೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿತ್ತು. ವಯಸ್ಸಿಗೆ ಬಂದ ಮಗನ ಲಗ್ನ ಯಾವಾಗ ಎಂದು ಹಿರಿಯರು ಹೇಳುತ್ತಿದ್ದರು. ಆ ಲಗ್ನದ ಹಂದರ ಹಾಕುವವರೂ ಅವರೇ. ಸೋದರಮಾವ ತನ್ನ ಪಾಲಿನ ಹೊರೆ ಹೊರುತ್ತಿದ್ದ, ಬೀಗರು ಆಯಾರ ತರುತ್ತಿದ್ದರು, ಊರವರ ಮುಯ್ಯಿಯಿಂದ ಖರ್ಚಿನ ಒಂದು ಭಾಗ ತುಂಬುತ್ತಿತ್ತು. ಹೊಸ ದಂಪತಿಗೆ ಬೇರೆ ಮನೆ ಬೇಕಿರಲಿಲ್ಲ, ಬೇರೆ ದುಡಿಮೆಯೂ ಬೇಕಿರಲಿಲ್ಲ. ಹೊಲ ಒಂದೇ, ಒಲೆ ಒಂದೇ. ಗಡುವು ಇಟ್ಟವರೇ ಅದನ್ನು ಮುಟ್ಟಿಸುವ ಭಾರದಲ್ಲಿ ಕೈ ಹಾಕುತ್ತಿದ್ದರು.

ಇಷ್ಟು ಹೇಳಿದ ಮೇಲೆ ಆ ಕಾಲ ಚೆನ್ನಾಗಿತ್ತು ಎಂದು ಯಾರೂ ಭಾವಿಸಬಾರದು. ಆ ಭಾರ ಹಂಚಿಕೆಯಲ್ಲಿ ಹೆಣ್ಣುಮಕ್ಕಳ ಒಪ್ಪಿಗೆಗೆ ಜಾಗವೇ ಇರಲಿಲ್ಲ. 1891ರಲ್ಲಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾನೂನು ಬಂದಾಗ ಅದನ್ನು ವಿರೋಧಿಸಿದವರಲ್ಲಿ ತಿಲಕರಂಥವರೇ ಇದ್ದರು. 1929ರ ಶಾರದಾ ಕಾಯ್ದೆ ಲಗ್ನದ ಕನಿಷ್ಠ ವಯಸ್ಸು ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ಎಂದಿತು. 1978ರಲ್ಲಿ ಅದು ಹದಿನೆಂಟು ಮತ್ತು ಇಪ್ಪತ್ತೊಂದಾಯಿತು. ಹುಡುಗಿಗೂ ಇಪ್ಪತ್ತೊಂದು ಮಾಡಬೇಕೆಂಬ 2021ರ ಮಸೂದೆ ಲೋಕಸಭೆಯ ಅವಧಿ ಮುಗಿದಾಗ ಬಿದ್ದುಹೋಯಿತು. ಪ್ರತಿ ತಲೆಮಾರೂ ತನ್ನ ಕಾಲದ ಅಂಕಿಯನ್ನು ಪ್ರಕೃತಿ ನಿಯಮವೆಂದೇ ನಂಬಿತ್ತು. "ತಕ್ಕ ವಯಸ್ಸು" ಎಂದು ನಾವು ಇಂದು ಇಷ್ಟು ಖಚಿತವಾಗಿ ಹೇಳುವುದು ನಮ್ಮ ಮುತ್ತಜ್ಜಿಯ ಕಣ್ಣಿಗೆ ತೀರ ತಡವಾದ ವಯಸ್ಸು.

ಸಂಪ್ರದಾಯದ ಹೆಸರಿನಲ್ಲಿ ಮಾತಾಡುವವರಿಗೂ ಒಂದು ಸಂಗತಿ ನೆನಪಿಸಬೇಕು. ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸಗಳು ವಯಸ್ಸಿಗೆ ತಕ್ಕಂತೆ ಒಂದಾದ ಮೇಲೊಂದು ಹತ್ತಬೇಕಾದ ಮೆಟ್ಟಿಲುಗಳೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಧರ್ಮಸೂತ್ರಗಳ ಕಾಲದಲ್ಲಿ ಹಾಗಿರಲಿಲ್ಲ ಎಂಬುದನ್ನು ಪ್ಯಾಟ್ರಿಕ್ ಒಲಿವೆಲ್ ಆಶ್ರಮ ವ್ಯವಸ್ಥೆಯ ಬಗೆಗಿನ ತಮ್ಮ 1993ರ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಅಲ್ಲಿ ಆಶ್ರಮಗಳು ವಿಕಲ್ಪಗಳು. ವಿದ್ಯೆ ಮುಗಿಸಿದವನು ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು ಬದುಕಿಡೀ ಅದರಲ್ಲೇ ಇರಬಹುದಿತ್ತು. ಗೃಹಸ್ಥಾಶ್ರಮವೊಂದೇ ಸರಿ ಎಂದವರೂ ಸೂತ್ರಕಾರರಲ್ಲಿದ್ದರು, ಆದರೆ ಅವರು ಅದನ್ನು ವಾದಿಸಿ ಸಾಧಿಸಬೇಕಾಗಿತ್ತು. ಮನುಸ್ಮೃತಿಯ ಹೊತ್ತಿಗೆ ಆಯ್ಕೆ ಹೋಗಿ ಅನುಕ್ರಮ ಬಂತು. ಅಷ್ಟಾದರೂ ಅದು ಬರೆದದ್ದು ದ್ವಿಜ ಗಂಡಸರಿಗಾಗಿ. ಹೆಂಗಸರು, ಶೂದ್ರರು ಆ ಲೆಕ್ಕದಲ್ಲೇ ಇರಲಿಲ್ಲ. ಇವತ್ತು ಶಹಾಪುರದ ನೇಕಾರನ ಮಗಳಿಗೂ ಜಾಂಬೋಟಿಯ ರೈತನ ಮಗನಿಗೂ ಅದೇ ಅನುಕ್ರಮವನ್ನು ಅನಾದಿಯಿಂದ ಬಂದದ್ದು ಎಂಬಂತೆ ಹೇಳುತ್ತೇವೆ.

ಅದೇ ಪರಂಪರೆಯಲ್ಲಿ ಋಣದ ಮಾತೂ ಇದೆ. ಹುಟ್ಟುತ್ತಲೇ ಮನುಷ್ಯ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರ, ಪಿತೃಋಣ ತೀರುವುದು ಸಂತಾನದಿಂದ ಎಂಬ ಕಲ್ಪನೆ ತೈತ್ತಿರೀಯ ಸಂಹಿತೆಯಷ್ಟು ಹಳೆಯದು. ನಾನು ಈ ಕಲ್ಪನೆಯನ್ನು ತಳ್ಳಿಹಾಕುವುದಿಲ್ಲ. ಹಿಂದಿನವರಿಂದ ಪಡೆದಿದ್ದೇವೆ ಎಂಬ ಅರಿವು ಒಳ್ಳೆಯದು. ಆದರೆ ಈ ಲೆಕ್ಕದ ಪುಸ್ತಕದಲ್ಲಿ ಎಳೆಯರ ಖಾತೆಯಲ್ಲಿ ಸಾಲ ಮಾತ್ರ ಇದೆ. ಹಿರಿಯರು ಎಳೆಯರಿಗೆ ಏನು ಕೊಡಬೇಕು ಎಂಬ ಪುಟ ಖಾಲಿ.

ಹಾಗಾಗಿ ನನ್ನ ವಾದ ಇಷ್ಟು. ಗಡುವು ಮುಟ್ಟಲು ಬೇಕಾದ ಭಾರದಲ್ಲಿ ಪಾಲು ಹೊರುವವರಿಗೆ ಮಾತ್ರ ಆ ಗಡುವಿನ ಬಗ್ಗೆ ಕೇಳುವ ಹಕ್ಕಿದೆ. ನಮ್ಮ ಕಾಲದಲ್ಲಿ ಭಾರವೆಲ್ಲ ಒಬ್ಬೊಬ್ಬರ ಹೆಗಲಿಗೆ ಜಾರಿದೆ, ಗಡುವು ಮಾತ್ರ ಸಮಷ್ಟಿಯ ಕೈಯಲ್ಲೇ ಉಳಿದಿದೆ.

ಜಾರಿದ್ದು ಹೇಗೆಂಬುದಕ್ಕೆ ಕರ್ನಾಟಕದವರೆಲ್ಲ ಬಲ್ಲ ಒಂದು ನಿದರ್ಶನ ಸಾಕು. 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ಅರ್ಜಿ ಕರೆದರು. ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಓದಿ ಬರೆದವರ ಪಾಲಿಗೆ ಈ ಎರಡು ವರ್ಷಕ್ಕೂ ಮಿಕ್ಕ ಕಾಲ ಏನಾಗಿತ್ತು? ನಮ್ಮ ಭಾಗದ ಹುಡುಗರು ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು, ಊರಿಂದ ಬಂದ ರೊಟ್ಟಿ ತಿಂದು, ಲೈಬ್ರರಿಯಲ್ಲಿ ಜಾಗ ಹಿಡಿದು ಓದುತ್ತಾರೆ. ತಪ್ಪು ಯಾರದೋ, ವಯಸ್ಸು ಏರಿದ್ದು ಇವರದು. ಊರಿಗೆ ಹೋದಾಗ ಕೇಳಿದ್ದು ಮಾತ್ರ "ಇನ್ನೂ ಓದಾಕತ್ತೀಯೇನು?" ಎಂದು. ಮೀರತ್ತಿನಲ್ಲಿ ಹೀಗೆ ಕಾದು ಕೂತ ಪದವೀಧರರ ಬಗ್ಗೆ ಕ್ರೇಗ್ ಜೆಫ್ರಿ 2010ರಲ್ಲಿ "ಟೈಮ್‌ಪಾಸ್" ಎಂಬ ಪುಸ್ತಕವನ್ನೇ ಬರೆದರು. ಕಾಯುವುದು ಸೋಮಾರಿತನವಲ್ಲ, ಕಾಯಿಸುವವರು ಇರುವುದರಿಂದ ಜನ ಕಾಯುತ್ತಾರೆ ಎಂಬುದು ನಮಗೆ ಆ ಪುಸ್ತಕವಿಲ್ಲದೆಯೂ ಗೊತ್ತಿರಬೇಕಿತ್ತು.

ಹೊಲ ನಂಬಿ ಉಳಿದವರ ಸ್ಥಿತಿಯೂ ಮೇಲಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಕನ್ಯೆ ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದುಹೋದರು. ರೈತನಿಗೆ ಹೆಣ್ಣು ಕೊಡುವುದಿಲ್ಲ ಎಂದು ತೀರ್ಮಾನಿಸಿದವರಲ್ಲಿ ಸ್ವತಃ ರೈತರೂ ಇದ್ದಾರೆ. ಖಾನಾಪುರದಿಂದ ಚೋರ್ಲಾ ಘಾಟ್ ಇಳಿದು ಗೋವೆಗೆ ದುಡಿಯಲು ಹೋಗುವ ಹುಡುಗರಲ್ಲಿ ಎಷ್ಟೋ ಮಂದಿಗೆ ಸಂಬಳದಷ್ಟೇ ಮುಖ್ಯವಾದದ್ದು ಬಯೋಡಾಟಾದಲ್ಲಿ ಬರೆದುಕೊಳ್ಳಲು ಒಂದು ಕಂಪನಿಯ ಹೆಸರು.

ಹುಡುಗಿಯರ ಮಾತಿಗೆ ಬರೋಣ. ಅವರ ಗಡುವು ಇನ್ನಷ್ಟು ಗಿಡ್ಡದ್ದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಖಾನಾಪುರದಿಂದ ಬೆಳಗಾವಿಯ ಕಾಲೇಜುಗಳಿಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ದಾರಿ. ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಈ ಮಕ್ಕಳ ಓದು, ಸಮಾಜ ಭಾರದಲ್ಲಿ ಪಾಲು ಹೊತ್ತರೆ ಏನಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಸಾಕ್ಷಿ. ದಿನದ ಬಸ್ ಖರ್ಚು ಮನೆಯ ಮೇಲೆ ಬೀಳದಿದ್ದಾಗ "ಇನ್ನ ಸಾಕು ಬಿಡು" ಎನ್ನುವ ಮಾತಿಗೆ ಒಂದು ನೆಪ ಕಡಿಮೆಯಾಗುತ್ತದೆ. ಆದರೆ ಬಸ್ಸು ಕಾಲೇಜಿನ ತನಕ ಮುಟ್ಟಿಸುತ್ತದೆ, ಕೊನೆಯ ಸೆಮಿಸ್ಟರಿನ ಆಚೆಗೆ ಮುಟ್ಟಿಸುವುದಿಲ್ಲ. ಪದವಿಯನ್ನು ಒಳ್ಳೆಯ ಸಂಬಂಧ ಬರುವವರೆಗಿನ ಕಾಲಕ್ಷೇಪವೆಂದು ಎಣಿಸುವ ಮನೆಗಳು ಇನ್ನೂ ಇವೆ. ಅಂಥ ಮನೆಯಲ್ಲಿ ಚೆನ್ನಾಗಿ ಓದುವ ಹುಡುಗಿಗೆ ಅವಳ ಅಂಕಗಳೇ ತೊಡಕಾಗುತ್ತವೆ. ಅವಳಿಗಿಂತ ಹೆಚ್ಚು ಕಲಿತ ವರ ಬೇಕಲ್ಲ!

ಲಗ್ನದ ನಂತರ ಮುಂದಿನ ಗಡುವು. ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಸಮಾಧಿ ಇದೆ, ಪಕ್ಕದಲ್ಲಿ ದೊಡ್ಡ ಆಲದ ಮರ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಮಗು ಬೇಕೆಂಬ ಹಂಬಲವನ್ನು ನಾನು ಕೀಳಾಗಿ ಕಾಣಲಾರೆ, ಮನುಷ್ಯನಿಗೆ ಅದಕ್ಕಿಂತ ಆಳವಾದ ಆಸೆಗಳು ಹೆಚ್ಚಿಲ್ಲ. ಆ ತೊಟ್ಟಿಲುಗಳಲ್ಲಿ ಯಾವುದು ಹಂಬಲದಿಂದ ಕಟ್ಟಿದ್ದು, ಯಾವುದು ನೆರೆಹೊರೆಯ ಪ್ರಶ್ನೆ ತಾಳಲಾರದೆ ಕಟ್ಟಿದ್ದು ಎಂದು ಹೊರಗಿನಿಂದ ಹೇಳಲಾಗದು. ಎರಡೂ ನೋಡಲು ಒಂದೇ ಥರ ಇರುತ್ತವೆ. ಬಹುಶಃ ಕಟ್ಟಿದವಳಿಗೂ ಬೇರ್ಪಡಿಸಿ ಹೇಳುವುದು ಕಷ್ಟ. ಬೇರೆಯವರ ಗಡುವು ಒಳಗಿಳಿದು ನಮ್ಮದೇ ಆಸೆಯ ದನಿಯಲ್ಲಿ ಮಾತಾಡುವುದು ಹೀಗೆ.

ಹಾಗಿದ್ದರೆ ಗಡುವನ್ನೇ ಕಿತ್ತೊಗೆಯಬಾರದೇಕೆ ಎನ್ನುವವರಿದ್ದಾರೆ. ನನ್ನ ಬದುಕು, ನನ್ನ ಇಷ್ಟ. ಇದರಲ್ಲಿ ಸತ್ಯವಿದೆ, ಆದರೆ ಇದು ಪುಣೆ ಬೆಂಗಳೂರುಗಳಲ್ಲಿ ಸ್ವಂತ ಸಂಬಳವಿರುವವರಿಗೆ ಸಲ್ಲುವ ಸತ್ಯ. ಯಾರೂ ಏನನ್ನೂ ಕೇಳದ ಸ್ಥಿತಿಯಲ್ಲಿ ಬಿಟ್ಟವನು ಸ್ವತಂತ್ರನಾದ ಎಂದು ನನಗನಿಸುವುದಿಲ್ಲ. ಅವನನ್ನು ಕೈಬಿಟ್ಟಿದ್ದಾರೆ, ಅಷ್ಟೇ.

ತಡವಾಗಿ ಅರಳಿದ ಮಹನೀಯರ ಹೆಸರು ಹೇಳಿ ಸಮಾಧಾನ ಮಾಡುವುದು ಇನ್ನೊಂದು ದಾರಿ. ಬೆಳಗಾವಿಯಲ್ಲಿ ಆ ಹೆಸರು ಸಿದ್ಧವಾಗಿಯೇ ಇದೆ. ಇಲ್ಲೇ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಾಳಿಮಠ ಬಾಲ್ಯದಲ್ಲೇ ಹಾಡಿ ಬೆರಗುಗೊಳಿಸಿ ಕುಮಾರ ಗಂಧರ್ವ ಎನಿಸಿಕೊಂಡರು. 1947ರಲ್ಲಿ ಭಾನುಮತಿಯವರೊಡನೆ ಲಗ್ನವಾಯಿತು. ಅದರ ಬೆನ್ನಿಗೇ ಕ್ಷಯ. ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದರು. ಇಪ್ಪತ್ತಮೂರರಿಂದ ಇಪ್ಪತ್ತೆಂಟರವರೆಗಿನ ವಯಸ್ಸು ಅದು, ನಮ್ಮ ವೇಳಾಪಟ್ಟಿಯ ಪ್ರಕಾರ ಎಲ್ಲವೂ ಆಗಬೇಕಾದ ವಯಸ್ಸು. ಮಲಗಿದಲ್ಲೇ ಮಾಳವದ ಜನಪದ ಹಾಡುಗಳನ್ನು, ನಿರ್ಗುಣ ಭಜನೆಗಳನ್ನು ಕೇಳಿಸಿಕೊಂಡರು. ಎದ್ದು ಮತ್ತೆ ಹಾಡಿದಾಗ ಹಿಂದೂಸ್ತಾನಿ ಸಂಗೀತ ಮೊದಲಿನಂತಿರಲಿಲ್ಲ.

ಪರೀಕ್ಷೆಗೆ ಓದುತ್ತ ಕೂತ ಹುಡುಗನಿಗೆ ಈ ಕಥೆ ಹೇಳಿ "ನೋಡು, ತಡವಾದರೂ ದೊಡ್ಡವನಾಗಬಹುದು" ಎನ್ನುವುದು ಅನ್ಯಾಯ. ತಡವಾದದ್ದಕ್ಕೆ ಕ್ಷಮೆ ಸಿಗಬೇಕಾದರೆ ಗಂಧರ್ವನೇ ಆಗಬೇಕೇ? ಕಾಲ ಕಳೆದು ಕಾರಕೂನನಾದವನ, ದರ್ಜಿಯಾದವಳ ಬದುಕಿಗೆ ಕ್ಷಮೆಯ ಅಗತ್ಯವೇ ಇರಬಾರದು. ನಾನು ಆ ಕಥೆಯಲ್ಲಿ ನೋಡುವುದು ಭಾನುಮತಿಯವರನ್ನು. ಅವರು ಶುಶ್ರೂಷೆ ಮಾಡುತ್ತ, ಶಾಲೆಯಲ್ಲಿ ಕಲಿಸಿ ಮನೆ ನಡೆಸಿದರು. ಆ ವರ್ಷಗಳು ವ್ಯರ್ಥವಾಗದೆ ಉಳಿದದ್ದು ಅವುಗಳ ಭಾರ ಹೊರಲು ಇನ್ನೊಂದು ಹೆಗಲಿದ್ದುದರಿಂದ.

ಈಗ ನನ್ನ ವಾದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ. ಪಾಲು ಹೊತ್ತವರಿಗೆ ಹಕ್ಕು ಎಂದರೆ, ಇಂಜಿನಿಯರಿಂಗ್ ಫೀಸು ಕಟ್ಟಿದ ಅಪ್ಪ ಮಗಳ ಲಗ್ನವನ್ನು ತನ್ನ ಮರ್ಜಿಯಂತೆ ಗೊತ್ತುಮಾಡಬಹುದೇ? ಕೊಟ್ಟದ್ದನ್ನೇ ಹಗ್ಗ ಮಾಡಿಕೊಂಡು ಎಳೆಯುವ ತಂದೆತಾಯಿಯರು ಕಡಿಮೆಯೇನಿಲ್ಲ. ಇಲ್ಲಿ ಎರಡು ಹಕ್ಕುಗಳನ್ನು ಬೇರೆ ಮಾಡಬೇಕು. ಪಾಲು ಹೊತ್ತವರಿಗೆ ಸಿಗುವುದು ಕೇಳುವ ಹಕ್ಕು, ಹೇಳುವ ಹಕ್ಕು, ಅಸಮಾಧಾನ ತೋರುವ ಹಕ್ಕು. ತೀರ್ಮಾನಿಸುವ ಹಕ್ಕು ಸಿಗುವುದಿಲ್ಲ. ಏಕೆಂದರೆ ಪ್ರತಿ ಭಾರಕ್ಕೂ ಹಂಚಿಕೊಳ್ಳಲಾಗದ ಒಂದು ತುದಿ ಇರುತ್ತದೆ. ಫೀಸು ಹಂಚಿಕೊಳ್ಳಬಹುದು, ಲಗ್ನದ ಖರ್ಚು ಹಂಚಿಕೊಳ್ಳಬಹುದು. ಆ ಗಂಡನೊಡನೆ ದಿನ ಕಳೆಯುವುದನ್ನು ಹಂಚಿಕೊಳ್ಳಲಾಗದು. ಭಾನುಮತಿ 1961ರಲ್ಲಿ ತಮ್ಮ ಎರಡನೆಯ ಮಗನ ಹೆರಿಗೆಯಲ್ಲಿ ತೀರಿಕೊಂಡರು. ಗಂಡನ ಕಾಯಿಲೆಯ ಭಾರದಲ್ಲಿ ಅವರು ಪಾಲು ಹೊರಬಲ್ಲವರಾಗಿದ್ದರು, ಅವರ ಈ ಭಾರದಲ್ಲಿ ಯಾರಿಗೂ ಪಾಲು ಹೊರಲಾಗಲಿಲ್ಲ. "ಸಿಹಿ ಸುದ್ದಿ ಯಾವಾಗ" ಎಂದು ಕೇಳುವವರು ಮೈಯನ್ನು ಪಣಕ್ಕಿಡುವವಳು ಒಬ್ಬಳೇ ಎಂಬುದನ್ನು ಮರೆತಿರುತ್ತಾರೆ.

ಪಾಲು ಹೊರುವುದು ಎಂದರೆ ದೊಡ್ಡ ತ್ಯಾಗವೇ ಆಗಬೇಕಿಲ್ಲ. ಬೆಳಗಾವಿಯಲ್ಲಿ ಮನೆಯಿರುವ ಕಾಕಾ ಹಳ್ಳಿಯ ತಮ್ಮನ ಮಗಳಿಗೆ ಪರೀಕ್ಷೆ ಮುಗಿಯುವ ತನಕ ಒಂದು ಕೋಣೆ ಕೊಟ್ಟರೆ ಅವಳ ಲಗ್ನದ ಮಾತು ಕೇಳುವುದಕ್ಕೆ ಅರ್ಹನಾದ. ಕೂಸಿನ ಬಗ್ಗೆ ಕೇಳುವ ಅತ್ತೆ, ಸೊಸೆ ನೌಕರಿಗೆ ಮರಳುವ ದಿನ ಆ ಕೂಸನ್ನು ನೋಡಿಕೊಳ್ಳುವ ಮಾತನ್ನೂ ಮೊದಲೇ ಆಡಬೇಕು. ಉಳಿದವರು ಬೇರೆ ಏನಾದರೂ ವಿಚಾರಿಸಲಿ. ಏನು ಓದುತ್ತೀ, ಏನು ಬರೆಯುತ್ತೀ, ಊಟ ಸರಿ ಸಿಗುತ್ತದೆಯೇ? ಅಕ್ಕರೆ ತೋರಲು ಇಷ್ಟು ಸಾಲದೇ?

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ನೇಮಕಾತಿಯ ಗರಿಷ್ಠ ವಯೋಮಿತಿಯನ್ನು ಒಂದು ಸಲಕ್ಕೆ ಮೂರು ವರ್ಷ ಸಡಿಲಿಸಿತು. ವಿಳಂಬ ಅಭ್ಯರ್ಥಿಗಳದಲ್ಲ, ಕರೆಯಬೇಕಾದವರು ಕಾಲಕ್ಕೆ ಕರೆಯಲಿಲ್ಲ, ಆದ್ದರಿಂದ ಕಳೆದ ವರ್ಷಗಳನ್ನು ಅವರ ವಯಸ್ಸಿನಲ್ಲಿ ಹಿಡಿಯುವುದು ನ್ಯಾಯವಲ್ಲ ಎಂಬ ವಿವೇಕ ಆ ಆದೇಶದ ಹಿಂದಿದೆ. ಅಣ್ಣನ ಭರ್ತಿಗಾಗಿ, ಅಕ್ಕನ ಲಗ್ನದ ಸಾಲಕ್ಕಾಗಿ, ಅಪ್ಪನ ಆಸ್ಪತ್ರೆಗಾಗಿ ಕಾಲೇಜು ಬಿಟ್ಟು ಅಂಗಡಿಯ ಕೆಲಸಕ್ಕೆ ಹೋದ ಹುಡುಗಿಯರು ಖಾನಾಪುರದ ಬಸ್ಸಿನಲ್ಲಿ ದಿನಾ ಸಿಗುತ್ತಾರೆ. ಇಪ್ಪತ್ತೇಳಕ್ಕೆ ಮತ್ತೆ ಓದಲು ಕೂತವಳಿಗೆ ಅವಳ ಮನೆಯವರು "ವಯಸ್ಸು ಮೀರಿತು" ಎನ್ನುವ ಮೊದಲು, ಆ ವರ್ಷಗಳನ್ನು ಖರ್ಚು ಮಾಡಿದ್ದು ಯಾರು ಎಂದು ಲೆಕ್ಕ ಹಾಕಲಿ. ಅಷ್ಟು ವರ್ಷಗಳ ಸಡಿಲಿಕೆ ಅವಳಿಗೆ ಸಲ್ಲಬೇಕು, ಮತ್ತು ಅದನ್ನು ಅವಳು ಬೇಡಿ ಪಡೆಯುವಂತಾಗಬಾರದು.