ತಿಂಡಿಯ ಮರ್ಯಾದೆ

ತಾನು ತ್ಯಜಿಸಿದ ರುಚಿಯನ್ನು ಶ್ರಾವಕನು ಮನೆಮಂದಿಗಾಗಿ ಮಾಡಬಹುದೇ, ಮಾಡಿಸಬಹುದೇ? ಪರ್ವದಿನಗಳಲ್ಲಿ ಮಕ್ಕಳು ಮೊಮ್ಮಕ್ಕಳು ಕೂಡುವ ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆಯಿದು. ಇದರ ಉತ್ತರ ಸುಲಭವೆಂದೇ ನಾನು ಬಹುಕಾಲ ತಿಳಿದಿದ್ದೆನು. ತಿನ್ನದಿರುವುದು ನನ್ನ ವ್ರತ, ತಿನ್ನುವುದು ಮಕ್ಕಳ ಸಂತೋಷ. ಇವೆರಡಕ್ಕೂ ವಿರೋಧವೆಲ್ಲಿದೆ ಎಂಬುದು ನನ್ನ ವಾದವಾಗಿತ್ತು.

ಕೆಲವು ವರ್ಷಗಳ ಹಿಂದಿನ ದಶಲಕ್ಷಣ ಪರ್ವದಲ್ಲಿ ನಾನು ರಸಪರಿತ್ಯಾಗವನ್ನು ಕೈಗೊಂಡು ಸಿಹಿಯನ್ನೂ ಎಣ್ಣೆಯನ್ನೂ ಬಿಟ್ಟಿದ್ದೆನು. ಅನಂತ ಚತುರ್ದಶಿಯಂದು ನನ್ನ ಸಹಧರ್ಮಿಣಿಗೆ ಉಪವಾಸ. ಅಂದು ಬೆಳಿಗ್ಗೆ ಮಗಳು ತನ್ನ ಮಕ್ಕಳೊಡನೆ ಬಂದಳು. “ಹುಡುಗರಿಗೆ ನಾಲ್ಕು ಹೆಸರುಂಡೆ, ಒಂದಿಷ್ಟು ಚಕ್ಕುಲಿ ಮಾಡಿಬಿಡು, ಪಾರಣೆಗೆಂದು ನನಗೂ ಎರಡು ಉಂಡೆ ಎತ್ತಿಡು” ಎಂದು ಹೇಳಿ ನಾನು ಬಸದಿಗೆ ಹೊರಟೆನು. ಮಧ್ಯಾಹ್ನ ಮರಳಿದಾಗ ಆಕೆ ನೀರನ್ನೂ ಮುಟ್ಟದ ಬಾಯಿಯಲ್ಲಿ, ಕಾದ ಎಣ್ಣೆಯ ಮುಂದೆ ಚಕ್ಕುಲಿಯ ಒರಳನ್ನು ಹಿಡಿದು ಕುಳಿತಿದ್ದಳು. ಸಂಜೆ ಆಕೆ ಹೇಳಿದುದು ಇಷ್ಟೇ: “ಮಕ್ಕಳು ತಿಂದರು, ಅದೇ ಸಂತೋಷ. ಆದರೆ ಇವತ್ತು ಸಾಮಾಯಿಕಕ್ಕೆ ಕೂರಲಾಗಲಿಲ್ಲ ನೋಡಿ.”

ಆ ಮಾತು ನನ್ನ ವಾದವನ್ನು ಮುರಿಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಆಹಾರದೊಡನೆ ಆರಂಭವನ್ನೂ ಬಿಡಬೇಕೆಂದು ಹೇಳಿದ್ದಾರೆ. ಬೀಸುವುದು, ಒಲೆ ಹೊತ್ತಿಸುವುದು, ಕರಿಯುವುದು ಎಲ್ಲವೂ ಆರಂಭವೇ. ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಗಳನ್ನು ಬಲ್ಲ ನಾನು ಅಂದು ಕೈಗೆ ಹಿಟ್ಟು ಸೋಕಿಸದೆಯೇ ಕಾರಿತದ ಭಾಗಿಯಾಗಿದ್ದೆನು. ನನ್ನ ವ್ರತ ಉಳಿಯಿತೆಂದು ಹಿಗ್ಗುತ್ತಿದ್ದಾಗ ಆಕೆಯ ವ್ರತಕ್ಕೆ ನಾನೇ ಭಂಗ ತಂದಿದ್ದೆನು. ಎತ್ತಿಡಿಸಿದ ಆ ಎರಡು ಉಂಡೆಗಳ ವಿಷಯವೂ ಅಷ್ಟೆ. ಪರಿಗ್ರಹವೆಂದರೆ ಮೂರ್ಛೆ ಎಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ನಾಲಗೆ ಬಿಟ್ಟಿದ್ದ ಸಿಹಿಯನ್ನು ಮನಸ್ಸು ಡಬ್ಬಿಯೊಳಗೆ ಕಾಯುತ್ತಲೇ ಇತ್ತು.

ಹಾಗಾದರೆ ಮನೆಯಲ್ಲಿ ತಿಂಡಿ ಮಾಡುವುದೇ ದೋಷವೇ? ಅಲ್ಲ. ಹನ್ನೊಂದು ಪ್ರತಿಮೆಗಳಲ್ಲಿ ಆರಂಭತ್ಯಾಗವು ಎಂಟನೆಯದು. ಆ ಮೆಟ್ಟಿಲನ್ನು ಏರದ ಗೃಹಸ್ಥನಿಗೆ ಮನೆಮಂದಿಯ ಹಸಿವನ್ನು ಶುದ್ಧಾಹಾರದಿಂದ ತಣಿಸುವುದು ಕರ್ತವ್ಯವೇ ಆಗಿದೆ. ವ್ರತ ತೊಡದ ಮಗುವಿಗೆ ನಮ್ಮ ವ್ರತವನ್ನು ಬಲವಂತದಿಂದ ಹೊರಿಸಿದರೆ ಅದು ಧರ್ಮವನ್ನೇ ಹಸಿವೆಂದು ನೆನಪಿಡುತ್ತದೆ. ಅಂಗಡಿಯಿಂದ ತರಿಸೋಣವೆಂದರೆ, ಹಿಟ್ಟು ಎಂದು ಬೀಸಿದ್ದು, ನೀರು ಸೋಸಿದ್ದೇ, ಎಣ್ಣೆ ಎಷ್ಟು ಸಲ ಕಾದದ್ದು ಎಂಬುದನ್ನು ಅರಿಯಲಾಗದು. ಮನೆಯಲ್ಲಾದರೋ ಎಳ್ಳನ್ನು ಆರಿಸಿ, ಹಿಟ್ಟನ್ನು ಜರಡಿ ಹಿಡಿದು, ನೀರನ್ನು ಬಟ್ಟೆಯಲ್ಲಿ ಸೋಸಿ, ಸೂರ್ಯಾಸ್ತಕ್ಕೆ ಮೊದಲೇ ಒಲೆ ಆರಿಸುತ್ತೇವೆ. ಪಕ್ಕದಲ್ಲಿ ಕುಳಿತು ನೋಡುವ ಮಗುವಿಗೆ ಜೀವದಯೆಯ ಮೊದಲ ಪಾಠವೂ ಅದೇ.

ನಮ್ಮ ಆಮ್ನಾಯದಲ್ಲಿ ಹಿಟ್ಟಿಗೆ ಮರ್ಯಾದೆಯುಂಟು: ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7. ನೀರು ಸೇರಿಸಿ ಕರಿದ ಚಕ್ಕುಲಿಗೆ ಎಂಟು ಪ್ರಹರ, ಅಂದರೆ 24 ಗಂಟೆ. ಹೆಸರು ಹಿಟ್ಟಿಗೆ ತುಪ್ಪ, ಸಕ್ಕರೆಯ ಪುಡಿಗಳನ್ನಷ್ಟೇ ಬೆರೆಸಿ, ನೀರು ಸೋಕಿಸದೆ ಕಟ್ಟಿದ ಉಂಡೆಗೆ ಹಿಟ್ಟಿನ ಮರ್ಯಾದೆಯೇ ಸಲ್ಲುತ್ತದೆ. ತ್ರಯೋದಶಿಯಂದು ಹಿಟ್ಟು ಬೀಸಿ ಕಟ್ಟಿದ ಉಂಡೆ ಭಾದ್ರಪದದ ಮಳೆಯಲ್ಲಿಯೂ ಚತುರ್ದಶಿಗೆ ಮಕ್ಕಳ ಕೈ ಸೇರಬಹುದಾಗಿತ್ತು. ಶಾಸ್ತ್ರ ಅವಕಾಶವಿತ್ತಿತ್ತು, ಅದನ್ನು ಯೋಚಿಸುವ ವ್ಯವಧಾನ ನನಗಿರಲಿಲ್ಲ. ತಿಂಡಿಯ ಮರ್ಯಾದೆಯನ್ನು ಗಂಟೆಗಳಲ್ಲಿ ಎಣಿಸಬಲ್ಲ ನಾನು, ಅದನ್ನು ಮಾಡುವವಳಿಗೂ ಒಂದು ಮರ್ಯಾದೆಯುಂಟೆಂಬುದನ್ನು ಮರೆತಿದ್ದೆನು.

ಅಂದಿನಿಂದ ತ್ರಯೋದಶಿಯಂದು ಹೆಸರುಬೇಳೆಯನ್ನು ಆರಿಸಿ ಹುರಿಯುವ ಕೆಲಸ ನನ್ನದು. ನಾನು ಕಟ್ಟಿದ ಉಂಡೆಗಳು ಒಡೆಯುವುದರಿಂದ ಕಟ್ಟುವುದು ಮಾತ್ರ ಆಕೆಯ ಪಾಲಿಗುಳಿದಿದೆ. ಚತುರ್ದಶಿಯಂದು ಮಕ್ಕಳಿಗೆ ಅನ್ನ ಬೇಯಿಸುವವಳು ಮಗಳು. ನನಗಾಗಿ ಏನನ್ನೂ ಎತ್ತಿಡುವುದಿಲ್ಲ. ಆಕೆ ಬಸದಿಗೆ ಬರುತ್ತಾಳೆ.

ತ್ಯಜಿಸಿದ ರುಚಿಯನ್ನು ಇತರರಿಗೆ ಉಣಬಡಿಸಬಹುದು. ಆದರೆ ಅದರ ಶ್ರಮವನ್ನು ಇನ್ನೊಬ್ಬರ ವ್ರತದ ಮೇಲೆ ಹೇರಲಾಗದು. ಆದಕಾರಣ ಶ್ರಾವಕ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟು: ವ್ರತದ ಸಂಕಲ್ಪಕ್ಕೆ ಮುನ್ನ ಒಮ್ಮೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದಾರೆಂದು ನೋಡೋಣ.